10 ಲಕ್ಷದ ಸೈಬರ್ ಸೆಕ್ಯುರಿಟಿ ಬಜೆಟ್: ಟ್ರೈನಿಂಗ್‌ಗೆ ಎಷ್ಟು, ಟೂಲ್‌ಗೆ ಎಷ್ಟು?

ಪ್ರಶ್ನೆ: ನಮ್ದು ಪೀಣ್ಯದಲ್ಲಿ ಆಟೋ ಕಾಂಪೊನೆಂಟ್ಸ್ ಮಾಡೋ ಕಂಪನಿ. ಒಟ್ಟು 140 ಜನ, ಅದ್ರಲ್ಲಿ 60 ಜನಕ್ಕೆ ಕಂಪನಿ ಇಮೇಲ್ ಇದೆ. ಕಳೆದ ತಿಂಗಳು ನಮ್ಮ ಸ್ಟೀಲ್ ಸಪ್ಲೈಯರ್ ಹೆಸರಲ್ಲಿ "ಬ್ಯಾಂಕ್ ಅಕೌಂಟ್ ಚೇಂಜ್ ಆಗಿದೆ, ಈ ಸಲದ ಪೇಮೆಂಟ್ ಹೊಸ ಅಕೌಂಟಿಗೆ ಹಾಕಿ" ಅಂತ ಮೇಲ್ ಬಂತು. ಅಕೌಂಟ್ಸ್‌ನವರು ಇನ್ನೇನು ಆರ್‌ಟಿಜಿಎಸ್ ಮಾಡೋದ್ರಲ್ಲಿದ್ರು, ಅಷ್ಟೊತ್ತಿಗೆ ಸಪ್ಲೈಯರ್ ಬೇರೆ ಏನೋ ವಿಷಯಕ್ಕೆ ಫೋನ್ ಮಾಡಿದ್ರಿಂದ ಬಚಾವಾದ್ವಿ. ಈಗ ಎಂಡಿ ಈ ವರ್ಷಕ್ಕೆ 10 ಲಕ್ಷ ಕೊಡ್ತೀನಿ ಅಂದಿದಾರೆ. ವೆಂಡರ್ ಒಬ್ರು ಹೊಸ ಫೈರ್‌ವಾಲ್, ಇಡಿಆರ್ (ಕಂಪ್ಯೂಟರ್‌ಗಳಲ್ಲಿ ಅನುಮಾನದ ಚಟುವಟಿಕೆ ಹಿಡಿಯೋ ಸಾಫ್ಟ್‌ವೇರ್), ಲಾಗ್ ಮಾನಿಟರಿಂಗ್ (ಸಿಸ್ಟಮ್‌ಗಳಲ್ಲಿ ಏನೇನು ನಡೀತು ಅನ್ನೋ ದಾಖಲೆ ನೋಡ್ತಾ ಇರೋದು) ಎಲ್ಲಾ ಸೇರಿಸಿ ಪೂರ್ತಿ 10 ಲಕ್ಷಕ್ಕೇ ಕೊಟೇಶನ್ ಕೊಟ್ಟಿದಾರೆ. ಎಚ್‌ಆರ್ ಮೇಡಂ ಹೇಳೋದು, ಮೋಸ ಹೋಗೋದು ಜನ ತಾನೇ, ಎಲ್ರಿಗೂ ಆನ್‌ಲೈನ್ ಟ್ರೈನಿಂಗ್ ಕೊಡಿಸಿ ಅಂತ. ಐಟಿ ನೋಡ್ಕೊಳ್ಳೋನು ನಾನೊಬ್ನೇ. ಯಾವುದಕ್ಕೆ ಎಷ್ಟು ಇಡಲಿ?

ಉತ್ತರ: ಲೆಕ್ಕಕ್ಕೆ ಬರೋ ಮುಂಚೆ ಆ ಸಪ್ಲೈಯರ್ ಮೇಲನ್ನ ಸರಿಯಾಗಿ ನೋಡೋಣ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದ್ರಲ್ಲೇ ಇದೆ.

ಇಂಥ ಮೇಲ್ ಸಾಮಾನ್ಯವಾಗಿ ಮೂರು ದಾರೀಲಿ ಬರತ್ತೆ. ಸಪ್ಲೈಯರ್ ಡೊಮೇನ್ ಥರಾನೇ ಕಾಣೋ ಇನ್ನೊಂದು ಡೊಮೇನ್ ತಗೊಂಡು ಕಳಿಸಿರ್ತಾರೆ, ಒಂದಕ್ಷರ ಆಚೀಚೆ ಇರತ್ತೆ ಅಷ್ಟೆ. ಇಲ್ಲಾ ಸಪ್ಲೈಯರ್ ಮೇಲ್‌ಬಾಕ್ಸ್ ಒಳಗೇ ಕಳ್ಳ ಕೂತಿರ್ತಾನೆ, ಹಳೇ ಇನ್ವಾಯ್ಸ್ ಮೇಲ್‌ಗೇ ರಿಪ್ಲೈ ಮಾಡಿರ್ತಾನೆ, ಅಡ್ರೆಸ್ಸೂ ಅಸಲಿ, ಸಹಿನೂ ಅಸಲಿ. ಮೂರನೇದು ನಿಮ್ಮದೇ ಮೇಲ್‌ಬಾಕ್ಸ್ ಯಾವುದೋ ಒಂದು ಅವನ ಕೈಯಲ್ಲಿರತ್ತೆ, ಯಾವ ಬಿಲ್ ಯಾವತ್ತು ಡ್ಯೂ ಅಂತ ವಾರಗಟ್ಟಲೆ ಓದ್ಕೊಂಡು ಕೂತು ಸರಿಯಾದ ದಿನ ಮೇಲ್ ಬಿಟ್ಟಿರ್ತಾನೆ. ನಿಮ್ಮ ಕೇಸಲ್ಲಿ ಯಾವುದು ಅಂತ ನೀವು ಬರ್ದಿಲ್ಲ. ಹಾಗಾಗಿ ಬಜೆಟ್ ಆಮೇಲಿರ್ಲಿ, ಮೊದ್ಲು ಅಕೌಂಟ್ಸ್, ಪರ್ಚೇಸ್ ಮತ್ತೆ ಎಂಡಿ ಮೇಲ್‌ಬಾಕ್ಸ್‌ಗಳಲ್ಲಿ ಬಂದ ಮೇಲನ್ನ ತಾನಾಗೇ ಬೇರೆ ಕಡೆ ಕಳಿಸೋ ಫಾರ್ವರ್ಡಿಂಗ್ ರೂಲ್ ಯಾವುದಾದ್ರೂ ಗೊತ್ತಿಲ್ದೆ ಕೂತಿದೆಯಾ ನೋಡಿ, ಲಾಗಿನ್ ಹಿಸ್ಟರೀಲಿ ಬೇರೆ ಊರು ಬೇರೆ ದೇಶ ಏನಾದ್ರೂ ಕಾಣುತ್ತಾ ನೋಡಿ, ಅನುಮಾನ ಬಂದ್ರೆ ಪಾಸ್‌ವರ್ಡ್ ಬದಲಾಯಿಸಿ ಎಲ್ಲಾ ಸೆಷನ್ನೂ ಸೈನ್ ಔಟ್ ಮಾಡ್ಸಿ.

ಈಗ ವೆಂಡರ್ ಕೊಟೇಶನ್ ತೆಗ್ದು ಪಕ್ಕದಲ್ಲಿಡಿ. ನೀವು ಹೇಳಿದ್ದು ನೋಡಿದ್ರೆ ಆ ಮೇಲಲ್ಲಿ ವೈರಸ್ ಇರ್ಲಿಲ್ಲ, ಲಿಂಕ್ ಇರ್ಲಿಲ್ಲ, ಅಟ್ಯಾಚ್‌ಮೆಂಟ್ ಇದ್ರೂ ಒಂದು ಮಾಮೂಲಿ ಪಿಡಿಎಫ್ ಇದ್ದಿರತ್ತೆ. ಫೈರ್‌ವಾಲ್‌ಗೆ ಅದು ಬರೀ ಒಂದು ಮೇಲ್, ಇಡಿಆರ್‌ಗಂತೂ ಅಲ್ಲಿ ನೋಡೋಕೇ ಏನಿಲ್ಲ. ಅಂದ್ರೆ ಆ 10 ಲಕ್ಷದ ಸಾಮಾನು ಹೋದ ತಿಂಗಳೇ ನಿಮ್ಮ ಆಫೀಸಲ್ಲಿ ಇದ್ದಿದ್ರೂ ಆ ಪೇಮೆಂಟ್ ನಿಲ್ತಿರ್ಲಿಲ್ಲ. ಎಚ್‌ಆರ್ ಹೇಳೋ ಟ್ರೈನಿಂಗ್ ಆಗಿದ್ದಿದ್ರೆ? ಅಕೌಂಟ್ಸ್‌ನವರು ಸ್ಪೆಲ್ಲಿಂಗ್ ನೋಡ್ತಿದ್ರು, ಅಡ್ರೆಸ್ ನೋಡ್ತಿದ್ರು, ಸಪ್ಲೈಯರ್ ಮೇಲ್‌ಬಾಕ್ಸಿಂದಾನೇ ಬಂದಿದ್ರೆ ಎಲ್ಲಾ ಸರಿಯಾಗೇ ಕಾಣ್ತಿತ್ತು. ಅದನ್ನ ಖಂಡಿತಾ ನಿಲ್ಲಿಸ್ತಿದ್ದಿದ್ದು ಒಂದೇ ಒಂದು ರೂಲ್: ಯಾರದೇ ಬ್ಯಾಂಕ್ ಡೀಟೇಲ್ಸ್ ಬದಲಾಯಿಸಬೇಕಂದ್ರೆ ನಮ್ಮ ವೆಂಡರ್ ಮಾಸ್ಟರ್‌ನಲ್ಲಿ (ಸಪ್ಲೈಯರ್‌ಗಳ ವಿವರದ ಪಟ್ಟೀಲಿ) ಮೊದ್ಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳ್ಬೇಕು, ಮೇಲಲ್ಲಿ ಕೊಟ್ಟಿರೋ ನಂಬರಿಗೆ ಮಾಡ್ಬಾರ್ದು, ಆಮೇಲೆ ಇನ್ನೊಬ್ರು ಅಪ್ರೂವ್ ಮಾಡಿದ್ರೇನೇ ಸಿಸ್ಟಮಲ್ಲಿ ಬದಲಾಗ್ಬೇಕು. ಇದಕ್ಕೆ ಖರ್ಚು ಒಂದು ಫೋನ್ ಕಾಲ್. ಮೇಲ್ ಮೋಸದಿಂದ ಕಂಪನಿಗಳು ಕಳ್ಕೊಳ್ಳೋ ದುಡ್ಡು ಎಷ್ಟು ದೊಡ್ಡದು ಅಂದ್ರೆ ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಈ ಒಂದು ಬಗೆಯ ದೂರುಗಳಲ್ಲೇ ವರದಿಯಾದ ನಷ್ಟ 290 ಕೋಟಿ ಡಾಲರ್.

ನಾನು ಹೇಳ್ಬೇಕಂತಿರೋದು ಇದೇ. ಟೂಲ್ ಮತ್ತೆ ಟ್ರೈನಿಂಗ್ ಇವೆರಡರ ಮಧ್ಯೆ ಒಂದು ಜಾಗ ಇದೆ, ಕೆಲಸ ಹೇಗೆ ನಡೀಬೇಕು, ಯಾರಿಗೆ ಯಾವ ಅಧಿಕಾರ, ಅನುಮಾನ ಬಂದಾಗ ಯಾರು ಯಾರಿಗೆ ಹೇಳ್ಬೇಕು ಅನ್ನೋದು. ಬಜೆಟ್ ಶೀಟಲ್ಲಿ ಅದಕ್ಕೊಂದು ಸಾಲು ಇರಲ್ಲ, ಅದನ್ನ ಮಾರೋಕೆ ಯಾರೂ ಬರಲ್ಲ, ಆದ್ರೆ ದೊಡ್ಡ ದೊಡ್ಡ ಕಂಪನಿಗಳು ಬಿದ್ದಿರೋದು ಅಲ್ಲೇ.

ಇದಕ್ಕೆ ನಮ್ಮ ಬೆಂಗಳೂರಿಗೇ ಸಂಬಂಧ ಇರೋ ಒಂದು ಕೇಸ್ ಇದೆ, ಸ್ವಲ್ಪ ಉದ್ದ ಹೇಳ್ತೀನಿ. ಅಮೆರಿಕದ ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿ ಚೈನ್, 2013. ಆ ವರ್ಷ ಅವರು ಫೈರ್‌ಐ ಕಂಪನಿಯ ಮಾಲ್‌ವೇರ್ (ಕೇಡು ಮಾಡೋ ಸಾಫ್ಟ್‌ವೇರ್) ಪತ್ತೆ ಮಾಡೋ ಸಿಸ್ಟಮ್‌ನ 16 ಲಕ್ಷ ಡಾಲರ್ ಕೊಟ್ಟು ಹಾಕಿಸಿದ್ರು. ಅದರ ಅಲರ್ಟ್ ನೋಡ್ಕೊಳ್ಳೋಕೆ ಬೆಂಗಳೂರಲ್ಲಿ ಒಂದು ಟೀಮ್ ಇತ್ತು, ಇಲ್ಲಿಂದ ಮಿನಿಯಾಪೊಲಿಸ್ ಹೆಡ್ ಆಫೀಸಿಗೆ ಹೇಳ್ಬೇಕು, ಅವರು ಕ್ರಮ ತಗೋಬೇಕು. ನವೆಂಬರ್ 30ಕ್ಕೆ ಕಳ್ಳರು ಕಾರ್ಡ್ ಡೇಟಾ ಹೊರಗೆ ಸಾಗಿಸೋ ಮಾಲ್‌ವೇರ್ ಒಳಗೆ ಹಾಕಿದ್ರು, ಟೂಲ್ ಅದನ್ನ ಹಿಡೀತು, ಬೆಂಗಳೂರಿನ ಟೀಮ್‌ಗೆ ಅಲರ್ಟ್ ಬಂತು, ಅವರು ಮಿನಿಯಾಪೊಲಿಸ್‌ಗೆ ತಿಳಿಸಿದ್ರು. ಅಲ್ಲಿ ಏನೂ ಆಗ್ಲಿಲ್ಲ. ಮಾಲ್‌ವೇರ್ ಸಿಕ್ಕ ತಕ್ಷಣ ತಾನಾಗೇ ಅಳಿಸಿಹಾಕೋ ಸೌಲಭ್ಯ ಆ ಟೂಲಲ್ಲೇ ಇತ್ತು, ಅದನ್ನ ಆಫ್ ಮಾಡಿಟ್ಟಿದ್ರು, ಮನುಷ್ಯರೇ ನೋಡಿ ತೀರ್ಮಾನ ಮಾಡ್ಲಿ ಅಂತ. ಡಿಸೆಂಬರ್ 12ಕ್ಕೆ ಅಮೆರಿಕ ಸರ್ಕಾರದವರೇ ಬಂದು ಹೇಳಿದ ಮೇಲೆ ಎಚ್ಚರ ಆಯ್ತು, ಅಷ್ಟರಲ್ಲಿ 4 ಕೋಟಿ ಕಾರ್ಡ್ ನಂಬರ್ ಹೋಗಿತ್ತು. ಮುಂದಿನ ವರ್ಷ ಅವರ ಸಿಐಒ (ಐಟಿ ಮುಖ್ಯಸ್ಥೆ) ಮಾರ್ಚ್‌ನಲ್ಲಿ, ಸಿಇಒ ಮೇನಲ್ಲಿ ಕೆಲಸ ಬಿಟ್ರು.

ಇಲ್ಲಿ ಟೂಲ್ ತನ್ನ ಕೆಲಸ ಮಾಡಿದೆ. ಅಲರ್ಟ್ ನೋಡೋ ಜನಕ್ಕೆ ತಿಳುವಳಿಕೆ ಇತ್ತು, ಅವರು ಸರಿಯಾಗೇ ಗುರುತಿಸಿದಾರೆ. ಇಲ್ಲದೇ ಇದ್ದಿದ್ದು, ಬೆಂಗಳೂರಲ್ಲಿ ಕೂತೋರಿಗೆ ಅದನ್ನ ತಾವೇ ನಿಲ್ಲಿಸೋ ಅಧಿಕಾರ. ಇನ್ನಷ್ಟು ದುಡ್ಡು ಟೂಲ್‌ಗೆ ಹಾಕಿದ್ರೂ, ಇನ್ನಷ್ಟು ಟ್ರೈನಿಂಗ್‌ಗೆ ಹಾಕಿದ್ರೂ ಆ ಕಂದಕ ಮುಚ್ತಿರ್ಲಿಲ್ಲ.

ಈ ಕೇಸಲ್ಲಿ ನಿಮ್ಮಂಥೋರಿಗೆ ಇನ್ನೊಂದು ಮುಖ್ಯ ವಿಷಯ ಇದೆ. ಕಳ್ಳರು ಟಾರ್ಗೆಟ್ ಒಳಗೆ ನುಗ್ಗಿದ್ದು ಅವರಿಗೆ ಏಸಿ, ಫ್ರಿಜ್ ಕೆಲಸ ಮಾಡಿಕೊಡ್ತಿದ್ದ ಒಂದು ಸಣ್ಣ ಕಾಂಟ್ರ್ಯಾಕ್ಟರ್ ಕಂಪನಿಯ ಲಾಗಿನ್ ಕದ್ದು. ಪೀಣ್ಯದ ಯೂನಿಟ್‌ಗಳು ಇರೋದು ಆ ಕಾಂಟ್ರ್ಯಾಕ್ಟರ್ ಜಾಗದಲ್ಲಿ. ನಿಮ್ಮ ಲೈನಲ್ಲೇ ಹೇಳ್ಬೇಕಂದ್ರೆ ಜಪಾನಿನ ಕೊಜಿಮಾ ಇಂಡಸ್ಟ್ರೀಸ್, ಟೊಯೋಟಾಗೆ ಪ್ಲಾಸ್ಟಿಕ್ ಪಾರ್ಟ್ಸ್ ಕೊಡೋ ಸಪ್ಲೈಯರ್. 2022ರ ಫೆಬ್ರವರಿ ಕೊನೇಲಿ ಅವರ ಮೇಲೆ ಸೈಬರ್ ದಾಳಿ ಆಯ್ತು, ಮಾರ್ಚ್ 1ಕ್ಕೆ ಟೊಯೋಟಾ ಜಪಾನಿನ ತನ್ನ 14 ಪ್ಲಾಂಟನ್ನೂ ಒಂದು ದಿನ ನಿಲ್ಲಿಸ್ಬೇಕಾಯ್ತು, ಸುಮಾರು 13,000 ಗಾಡಿಗಳ ಪ್ರೊಡಕ್ಷನ್ ಹೋಯ್ತು. ಎಂಡಿಯವರ ಮುಂದೆ ಬಜೆಟ್ ಇಡೋವಾಗ ಈ ಉದಾಹರಣೆ ಇಡಿ. ನಮ್ಮ ಹತ್ರ ಕದಿಯೋಕೆ ಏನಿದೆ ಅಂತ ಕೇಳೋ ಮಾಲೀಕರಿಗೆ, ಲೈನ್ ನಿಂತ್ರೆ ಕಸ್ಟಮರ್ ಯಾರ ಕಡೆ ನೋಡ್ತಾನೆ ಅನ್ನೋದು ತಕ್ಷಣ ಅರ್ಥ ಆಗತ್ತೆ.

ಈಗ ಟ್ರೈನಿಂಗ್ ವಿಷಯ. ಎಚ್‌ಆರ್ ಮೇಡಂ ಹೇಳಿದ್ರಲ್ಲಿ ಸತ್ಯ ಇದೆ. ವೆರೈಜನ್ ಕಂಪನಿ ಪ್ರತಿ ವರ್ಷ ಸಾವಿರಾರು ದಾಳಿಗಳನ್ನ ವಿಶ್ಲೇಷಿಸಿ ರಿಪೋರ್ಟ್ ತರತ್ತೆ, 2025ರ ರಿಪೋರ್ಟ್ ಪ್ರಕಾರ ಸುಮಾರು 60% ಡೇಟಾ ಸೋರಿಕೆಗಳಲ್ಲಿ ಎಲ್ಲೋ ಒಂದು ಕಡೆ ಮನುಷ್ಯನ ಕೈ ಇರತ್ತೆ, ಕ್ಲಿಕ್ ಮಾಡೋದು, ಪಾಸ್‌ವರ್ಡ್ ಕೊಡೋದು, ತಪ್ಪು ಜಾಗಕ್ಕೆ ಫೈಲ್ ಕಳಿಸೋದು. ಟ್ರೈನಿಂಗ್ ಮಾರೋರೆಲ್ಲ ಮೊದಲ ಸ್ಲೈಡಲ್ಲೇ ಇಂಥ ನಂಬರ್ ಹಾಕ್ತಾರೆ. ಆದ್ರೆ ಸಮಸ್ಯೆ ಮನುಷ್ಯರಿಂದ ಬರತ್ತೆ ಅಂದ ಮಾತ್ರಕ್ಕೆ ಪರಿಹಾರ ಪಾಠ ಹೇಳೋದ್ರಲ್ಲೇ ಇದೆ ಅಂತ ಆಗಲ್ಲ. ಅದೇ ಕಂಪನಿಯ 2024ರ ರಿಪೋರ್ಟಲ್ಲಿ ಇನ್ನೊಂದು ಲೆಕ್ಕ ಇದೆ: ಮೋಸದ ಮೇಲ್ ತೆರೆದೋರು ಲಿಂಕ್ ಒತ್ತೋಕೆ ತಗೊಳ್ಳೋ ಟೈಮ್ 21 ಸೆಕೆಂಡ್, ಅಲ್ಲಿಂದ ತಮ್ಮ ಡೀಟೇಲ್ಸ್ ತುಂಬೋಕೆ ಇನ್ನೊಂದು 28 ಸೆಕೆಂಡ್. ಡಿಸ್ಪ್ಯಾಚ್ ಗಲಾಟೆ ಮಧ್ಯೆ 49 ಸೆಕೆಂಡಲ್ಲಿ ಹೋದ ವರ್ಷದ ವಿಡಿಯೋ ಪಾಠ ಯಾರಿಗೆ ನೆನಪಾಗತ್ತೆ ಹೇಳಿ.

ಇದನ್ನ ಅಳತೆ ಮಾಡಿ ನೋಡಿದೋರೂ ಇದಾರೆ. ಕ್ಯಾಲಿಫೋರ್ನಿಯಾದ ಯುಸಿ ಸ್ಯಾನ್ ಡಿಯಾಗೋ ಹೆಲ್ತ್ ಅನ್ನೋ ಆಸ್ಪತ್ರೆ ಸಂಸ್ಥೆಯಲ್ಲಿ 19,500ಕ್ಕೂ ಹೆಚ್ಚು ಉದ್ಯೋಗಿಗಳ ಮೇಲೆ 8 ತಿಂಗಳು ನಕಲಿ ಫಿಶಿಂಗ್ ಮೇಲ್ (ಮೋಸದ ಮೇಲ್ ಥರದ್ದೇ ಪರೀಕ್ಷೆ ಮೇಲ್) ಕಳಿಸಿ ಅಧ್ಯಯನ ಮಾಡಿದ್ರು, 2025ರಲ್ಲಿ ಪ್ರಕಟ ಆಯ್ತು. ಕ್ಲಿಕ್ ಮಾಡಿದೋರಿಗೆ ತಕ್ಷಣ ಪಾಠ ತೋರಿಸೋ ಪದ್ಧತಿಯಿಂದ ಬಂದ ಸುಧಾರಣೆ ಬರೀ 1.7%. ಬಹಳಷ್ಟು ಜನ ಆ ಪಾಠದ ಪೇಜಲ್ಲಿ ಒಂದು ನಿಮಿಷ ಕೂಡ ಇರ್ಲಿಲ್ಲ. ಅದಕ್ಕೂ ಮುಂಚೆ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರು ಒಂದು ದೊಡ್ಡ ಕಂಪನೀಲಿ 14,000ಕ್ಕೂ ಹೆಚ್ಚು ಜನರನ್ನ 15 ತಿಂಗಳು ಗಮನಿಸಿದ್ರು, ಅಲ್ಲೂ ಕ್ಲಿಕ್ ಮಾಡಿದ ಮೇಲೆ ತೋರಿಸೋ ಪಾಠದಿಂದ ಜನ ಗಟ್ಟಿಯಾಗ್ಲಿಲ್ಲ. ಆದ್ರೆ ಅದೇ ಅಧ್ಯಯನದಲ್ಲಿ ಒಂದು ಒಳ್ಳೇ ಸುದ್ದಿ ಇತ್ತು, ಅನುಮಾನ ಬಂದ ಮೇಲನ್ನ ರಿಪೋರ್ಟ್ ಮಾಡೋಕೆ ಒಂದು ಬಟನ್ ಕೊಟ್ರೆ ಜನ ಒತ್ತುತ್ತಾರೆ, ಬೇಗ ಒತ್ತುತ್ತಾರೆ, ತಿಂಗಳುಗಟ್ಟಲೆ ಬೇಜಾರಿಲ್ದೆ ಒತ್ತುತ್ತಾರೆ, ಅದ್ರಿಂದ ಹೊಸ ದಾಳಿ ಶುರುವಾದ ಸ್ವಲ್ಪ ಹೊತ್ತಲ್ಲೇ ಗೊತ್ತಾಗತ್ತೆ.

ಇದು ನಿಮ್ಮ ಟ್ರೈನಿಂಗ್ ದುಡ್ಡಿಗೆ ದಾರಿ ತೋರಿಸತ್ತೆ. "ಕ್ಲಿಕ್ ಮಾಡ್ಬೇಡಿ" ಅಂತ 60 ಜನಕ್ಕೆ ಪಾಠ ಮಾಡೋದ್ರಲ್ಲಿ ಫಲ ಕಮ್ಮಿ. "ಏನಾದ್ರೂ ಸರಿ ಕಾಣ್ಲಿಲ್ಲ ಅಂದ್ರೆ, ಅಥವಾ ಕ್ಲಿಕ್ ಮಾಡೇಬಿಟ್ಟಿದ್ರೂ, ತಕ್ಷಣ ಹೇಳಿ" ಅಂತ ಅಭ್ಯಾಸ ಮಾಡ್ಸಿದ್ರೆ ಫಲ ಜಾಸ್ತಿ. 2016ರಲ್ಲಿ ಬಾಂಗ್ಲಾದೇಶ ಬ್ಯಾಂಕ್‌ನಿಂದ ಹ್ಯಾಕರ್‌ಗಳು 8.1 ಕೋಟಿ ಡಾಲರ್ ಹೊಡೆದ್ರು, ಇನ್ನೂ 2 ಕೋಟಿ ಡಾಲರ್ ಶ್ರೀಲಂಕಾಗೆ ಹೋಗೋದ್ರಲ್ಲಿತ್ತು, ಅದು ನಿಂತಿದ್ದು ಹೇಗೆ ಅಂದ್ರೆ ಮಧ್ಯದ ಬ್ಯಾಂಕಲ್ಲಿ ಒಬ್ರು ಫೌಂಡೇಶನ್ ಅನ್ನೋ ಪದದ ಸ್ಪೆಲ್ಲಿಂಗ್ ತಪ್ಪಿರೋದು ನೋಡಿ ಇದೇನು ಅಂತ ಕೇಳಿದ್ರಿಂದ. ಜನರನ್ನ ಬರೀ ತೂತು ಅಂತ ನೋಡೋ ಟ್ರೈನಿಂಗ್ ನಂಗೆ ಇಷ್ಟ ಇಲ್ಲ, ಪ್ರಶ್ನೆ ಕೇಳೋಕೆ ಧೈರ್ಯ ಇರೋ ಒಬ್ಬ ಕ್ಲರ್ಕ್ ಬೆಲೆ ಬಹಳ ದೊಡ್ಡದು.

ಆ ಧೈರ್ಯನೇ ನಮ್ಮ ಆಫೀಸುಗಳಲ್ಲಿ ಕಷ್ಟ. ನಾನು ಆಡಿಟ್‌ಗೆ ಹೋದ ಕಡೆಯೆಲ್ಲ ಒಂದೇ ಮಾತು ಕೇಳ್ತೀನಿ, "ಸಾರ್ ಹೆಸರಲ್ಲಿ ಬಂತು ಸಾರ್, ಹೇಗೆ ವಾಪಸ್ ಕೇಳೋದು?" ಎಂಡಿ ಫೋಟೋ ಹಾಕ್ಕೊಂಡು ವಾಟ್ಸಾಪಲ್ಲಿ "ಮೀಟಿಂಗಲ್ಲಿದೀನಿ, ಅರ್ಜೆಂಟ್ ಈ ಅಕೌಂಟಿಗೆ ಹಾಕಿ" ಅಂತ ಮೆಸೇಜ್ ಬಂದ್ರೆ ನಮ್ಮ ಅಕೌಂಟೆಂಟ್ ಹಾಕೋದು ಅಜ್ಞಾನದಿಂದ ಅಲ್ಲ, ಬೈಸ್ಕೋಬೇಕಾಗತ್ತೆ ಅನ್ನೋ ಭಯದಿಂದ. ಇದಕ್ಕೆ ಯಾವ ಕೋರ್ಸೂ ಮದ್ದಲ್ಲ. ಎಂಡಿಯವರೇ ಎಲ್ಲರ ಎದುರು ನಿಂತು "ನನ್ನ ಹೆಸರಲ್ಲಿ ಏನೇ ಬಂದ್ರೂ ನಂಗೆ ಫೋನ್ ಮಾಡಿ ಕೇಳಿ, ರಾತ್ರಿ ಆದ್ರೂ ಪರ್ವಾಗಿಲ್ಲ, ಕೇಳಿದ್ದಕ್ಕೆ ಯಾವತ್ತೂ ಬೈಯಲ್ಲ" ಅಂತ ಹೇಳ್ಬೇಕು, ಹೇಳಿದ ಹಾಗೆ ನಡ್ಕೋಬೇಕು. ಈಗ ದನಿ ಮತ್ತೆ ಮುಖ ಕೂಡ ನಕಲಿ ಮಾಡ್ತಾರೆ. 2024ರ ಶುರುವಲ್ಲಿ ಬ್ರಿಟನ್ನಿನ ಅರೂಪ್ ಅನ್ನೋ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಆಫೀಸಿನ ಉದ್ಯೋಗಿಯೊಬ್ರು ವಿಡಿಯೋ ಕಾಲಲ್ಲಿ ಸಿಎಫ್‌ಒ (ಹಣಕಾಸು ಮುಖ್ಯಸ್ಥ) ಮತ್ತೆ ಸಹೋದ್ಯೋಗಿಗಳನ್ನ ಕಣ್ಣಾರೆ ನೋಡಿ ನಂಬಿ ಸುಮಾರು 2.5 ಕೋಟಿ ಡಾಲರ್ ಕಳಿಸಿಬಿಟ್ರು, ಕಾಲಲ್ಲಿ ಇದ್ದೋರೆಲ್ಲ ಡೀಪ್‌ಫೇಕ್. ಹಾಗಾಗಿ ಮುಖ ನೋಡಿ ಗುರುತು ಹಿಡಿಯೋದು ಹೇಳ್ಕೊಡೋದಕ್ಕಿಂತ, ನೀವೇ ಗೊತ್ತಿರೋ ನಂಬರಿಗೆ ವಾಪಸ್ ಕರೆ ಮಾಡಿ ಅನ್ನೋದನ್ನ ಹೇಳ್ಕೊಡಿ.

ಟೂಲ್ ಕಡೆ ಬಂದ್ರೆ, ನಾನು ದುಡ್ಡು ಹಾಕೋಕೆ ಹೇಳೋದು ಮನುಷ್ಯ ಒಂದು ತಪ್ಪು ಮಾಡಿದ್ರೂ ಕಂಪನಿ ಮುಳುಗದ ಹಾಗೆ ತಡೆಯೋ ಟೂಲ್‌ಗಳಿಗೆ ಮೊದ್ಲು. ಗೂಗಲ್ ಕಂಪನಿ 2017ರ ಶುರುವಲ್ಲಿ ತನ್ನ 85,000ಕ್ಕೂ ಹೆಚ್ಚು ಉದ್ಯೋಗಿಗಳಿಗೆ ಯುಎಸ್‌ಬಿ ಸೆಕ್ಯುರಿಟಿ ಕೀ (ಲಾಗಿನ್ ಆಗೋವಾಗ ಬಳಸೋ ಪೆನ್‌ಡ್ರೈವ್ ಥರದ ಸಣ್ಣ ಸಾಧನ) ಕಡ್ಡಾಯ ಮಾಡ್ತು, ಆ ಮೇಲೆ ಫಿಶಿಂಗಿಂದ ಯಾರ ಆಫೀಸ್ ಅಕೌಂಟೂ ಕಳ್ಳರ ಪಾಲಾಗಿಲ್ಲ ಅಂತ 2018ರಲ್ಲಿ ಹೇಳ್ತು. ಅವರ ಜನ ಕ್ಲಿಕ್ ಮಾಡೋದು ಬಿಟ್ಟಿರಲ್ಲ, ಕ್ಲಿಕ್ ಮಾಡಿ ಪಾಸ್‌ವರ್ಡ್ ಕೊಟ್ರೂ ಆ ಕೀ ನಕಲಿ ಸೈಟಲ್ಲಿ ಕೆಲಸ ಮಾಡಲ್ಲ. ಇದೇ ಕೆಲಸವನ್ನ ಈಗ ಫೋನಲ್ಲಿರೋ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು ಇಲ್ಲಾ ಫೋನ್ ಲಾಕಿಂದ ಲಾಗಿನ್ ಆಗೋದು) ಕೂಡ ಮಾಡತ್ತೆ. ಇದಕ್ಕೆ ಹೋಲಿಸಿದ್ರೆ ಲಾಗಿನ್ ಆಗೋವಾಗ ಫೋನಿಗೆ ಬರೋ, ಬರೀ "ಅಪ್ರೂವ್" ಒತ್ತೋ ನೋಟಿಫಿಕೇಶನ್ ಸಾಲಲ್ಲ. 2022ರ ಸೆಪ್ಟೆಂಬರಲ್ಲಿ ಊಬರ್‌ನ ಒಬ್ಬ ಕಾಂಟ್ರ್ಯಾಕ್ಟರ್‌ಗೆ ಮೇಲಿಂದ ಮೇಲೆ ನೋಟಿಫಿಕೇಶನ್ ಕಳಿಸಿ ಕಳಿಸಿ ಕೊನೆಗೆ ಅವರು ಒಪ್ಪಿಗೆ ಒತ್ತೋ ಹಾಗೆ ಮಾಡಿ ಒಳಗೆ ನುಗ್ಗಿದ್ರು. ಹಾಗಂತ ಏನೂ ಇಲ್ಲದೇ ಇರೋದಕ್ಕಿಂತ ಅದು ಎಷ್ಟೋ ವಾಸಿ. 2021ರಲ್ಲಿ ಅಮೆರಿಕದ ಕಲೋನಿಯಲ್ ಅನ್ನೋ ಇಂಧನ ಪೈಪ್‌ಲೈನ್ ನಿಂತಿದ್ದು ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಪರೀಕ್ಷೆ) ಇಲ್ಲದ, ಹೊರಗಿಂದ ಕಂಪನಿ ನೆಟ್‌ವರ್ಕಿಗೆ ಬರೋಕೆ ಇದ್ದ ಒಂದು ಹಳೇ ವಿಪಿಎನ್ ಅಕೌಂಟಿಂದ, 44 ಲಕ್ಷ ಡಾಲರ್ ಒತ್ತೆಹಣ ಕೊಟ್ರು. 2024ರಲ್ಲಿ ಅಮೆರಿಕದ ಆಸ್ಪತ್ರೆ ಬಿಲ್ ವ್ಯವಹಾರ ನೋಡ್ಕೊಳ್ಳೋ ಚೇಂಜ್ ಹೆಲ್ತ್‌ಕೇರ್‌ನಲ್ಲೂ ಟೂ ಫ್ಯಾಕ್ಟರ್ ಇಲ್ಲದ ಒಂದೇ ಪೋರ್ಟಲ್ ಬಾಗಿಲಾಯ್ತು. ಎಲ್ಲ ಕಡೆ ಹಾಕಿ ಒಂದು ಕಡೆ ಬಿಟ್ರೆ ಕಳ್ಳ ಹುಡುಕೋದು ಆ ಒಂದನ್ನೇ.

ಸರಿ, 10 ಲಕ್ಷ. ನಾನಾಗಿದ್ರೆ ಹೀಗೆ ಹಂಚ್ತಿದ್ದೆ, ಇದು ಅಂದಾಜು, ನಿಮ್ಗೆ ಬರೋ ರೇಟ್ ಮೇಲೆ ಸ್ವಲ್ಪ ಆಚೀಚೆ ಆಗ್ಬೋದು.

ಬ್ಯಾಕಪ್‌ಗೆ 2 ಲಕ್ಷ. ಟ್ಯಾಲಿ ಅಥವಾ ಇಆರ್‌ಪಿ (ಕಂಪನಿ ವ್ಯವಹಾರದ ಸಾಫ್ಟ್‌ವೇರ್) ಡೇಟಾ, ಡ್ರಾಯಿಂಗ್‌ಗಳು, ಕಂಪ್ಯೂಟರ್‌ನಿಂದ ನಡೆಯೋ ಸಿಎನ್‌ಸಿ ಮಷಿನ್‌ಗಳ ಪ್ರೋಗ್ರಾಂಗಳು. ಒಂದು ಕಾಪಿ ನೆಟ್‌ವರ್ಕಿಂದ ಪೂರ್ತಿ ಹೊರಗೆ ಇರ್ಬೇಕು, ಅಥವಾ ಅಡ್ಮಿನ್ ಪಾಸ್‌ವರ್ಡ್ ಕದ್ರೂ ಅಳಿಸೋಕಾಗದ ಥರ ಇರ್ಬೇಕು, ಯಾಕಂದ್ರೆ ಡೇಟಾಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್‌ನವರು ಒಳಗೆ ಬಂದ ತಕ್ಷಣ ಹುಡುಕೋದೇ ಬ್ಯಾಕಪ್‌ನ. ಮೂರು ತಿಂಗಳಿಗೊಂದ್ಸಲ ನಿಜವಾಗ್ಲೂ ರಿಸ್ಟೋರ್ ಮಾಡಿ ನೋಡಿ, ಎಷ್ಟು ಗಂಟೆ ಆಯ್ತು ಅಂತ ಬರ್ದಿಡಿ. ದೆಹಲಿ ಏಮ್ಸ್‌ಗೆ 2022ರ ನವೆಂಬರಲ್ಲಿ ರ‍್ಯಾನ್ಸಮ್‌ವೇರ್ ಬಡಿದಾಗ ಎಷ್ಟೋ ದಿನ ಒಪಿಡಿ ಚೀಟಿಯಿಂದ ಹಿಡಿದು ಎಲ್ಲಾ ಕೈಬರಹದಲ್ಲಿ ನಡೀತು. ನಿಮ್ಮ ಯೂನಿಟ್ ಎಷ್ಟು ದಿನ ಕೈಬರಹದಲ್ಲಿ ಡಿಸ್ಪ್ಯಾಚ್ ಮಾಡೋಕಾಗತ್ತೆ ಅಂತ ಒಂದ್ಸಲ ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಕೂತು ಯೋಚ್ನೆ ಮಾಡಿ, ಆ ಉತ್ತರದ ಮೇಲೆ ಬ್ಯಾಕಪ್ ಎಷ್ಟು ಗಟ್ಟಿ ಇರ್ಬೇಕು ಅಂತ ಗೊತ್ತಾಗತ್ತೆ.

ಸೆಕ್ಯುರಿಟಿ ಕೀಗಳಿಗೆ 50 ಸಾವಿರ. ಎಲ್ರಿಗೂ ಬೇಡ. ದುಡ್ಡಿನ ಮೇಲೆ ಮತ್ತೆ ಅಡ್ಮಿನ್ ಪಾಸ್‌ವರ್ಡ್ ಮೇಲೆ ಕೈ ಇರೋರಿಗೆ ಮಾತ್ರ: ಎಂಡಿ, ಅಕೌಂಟ್ಸ್, ಪರ್ಚೇಸ್ ಹೆಡ್, ನೀವು. ಒಬ್ಬೊಬ್ರಿಗೆ ಎರಡೆರಡು, ಒಂದು ಕಳೆದ್ರೆ ಇನ್ನೊಂದು. ಉಳಿದೋರಿಗೆ ಪಾಸ್‌ಕೀ ಇಲ್ಲಾ ಲಾಗಿನ್ ಕೋಡ್ ತೋರಿಸೋ ಆಥೆಂಟಿಕೇಟರ್ ಆ್ಯಪ್, ಅದಕ್ಕೆ ದುಡ್ಡು ಬೇಡ, ನೀವು ಬಳಸೋ ಮೇಲ್ ಸರ್ವಿಸಲ್ಲೇ ಇರತ್ತೆ, ಕಡ್ಡಾಯ ಮಾಡೋ ಬಟನ್ ಒತ್ತಬೇಕು ಅಷ್ಟೆ.

ಇಡಿಆರ್‌ಗೆ ಮೂರೂವರೆ ಲಕ್ಷ, ಆದ್ರೆ ಒಂದು ಷರತ್ತು, ಬರೀ ಲೈಸೆನ್ಸ್ ತಗೋಬೇಡಿ. 24 ಗಂಟೆ ಅಲರ್ಟ್ ನೋಡಿ, ರಾತ್ರಿ ಎರಡು ಗಂಟೆಗೂ ಅನುಮಾನ ಬಂದ ಕಂಪ್ಯೂಟರ್‌ನ ನೆಟ್‌ವರ್ಕಿಂದ ತಾವೇ ಕಿತ್ತು ಹಾಕೋ ಸರ್ವಿಸ್ ಸೇರಿರ್ಬೇಕು. ನೀವು ಬರವಣಿಗೇಲಿ ಅವರಿಗೆ ಅಧಿಕಾರ ಕೊಟ್ಟಿರ್ಬೇಕು, ನಿಮ್ಮನ್ನ ಕೇಳ್ಕೊಂಡು ಕಾಯ್ಬಾರ್ದು. ಬಜೆಟ್ ಸಾಲದೇ ಹೋದ್ರೆ ಕಮ್ಮಿ ಸೌಲಭ್ಯದ ಟೂಲ್ ಪ್ಲಸ್ ನೋಡೋ ಜನ ತಗೊಳ್ಳಿ, ದುಬಾರಿ ಟೂಲ್ ತಗೊಂಡು ನೋಡೋರಿಲ್ದೇ ಇಡೋದು ಬೇಡ.

ನೆಟ್‌ವರ್ಕ್ ಬೇರೆ ಮಾಡೋಕೆ ಒಂದೂವರೆ ಲಕ್ಷ. ಸಿಎನ್‌ಸಿ ಮಷಿನ್‌ಗಳ ಪಕ್ಕ ಇರೋ ಹಳೇ ವಿಂಡೋಸ್ ಕಂಪ್ಯೂಟರ್‌ಗಳನ್ನ ಅಪ್‌ಡೇಟ್ ಮಾಡೋಕಾಗಲ್ಲ, ಮಷಿನ್ ಕಂಪನಿಯವರು ಬಿಡಲ್ಲ, ಗೊತ್ತು. ಹಾಗಾಗಿ ಶಾಪ್ ಫ್ಲೋರ್ ನೆಟ್‌ವರ್ಕ್ ಬೇರೆ, ಆಫೀಸ್ ಬೇರೆ, ಗೆಸ್ಟ್ ವೈಫೈ ಬೇರೆ. 2017ರ ಮೇ 12ಕ್ಕೆ ವಾನಾಕ್ರೈ ಅನ್ನೋ ವೈರಸ್ ಹರಡಿದಾಗ ರೆನೋ ಕಂಪನಿಯ ಕಾರ್ ಪ್ಲಾಂಟ್‌ಗಳೇ ನಿಂತ್ವು, ಅದನ್ನ ತಡೆಯೋ ಪ್ಯಾಚ್ (ಸಾಫ್ಟ್‌ವೇರ್ ಅಪ್‌ಡೇಟ್) ಮೈಕ್ರೋಸಾಫ್ಟ್ ಬಿಟ್ಟು ಎರಡು ತಿಂಗಳಾಗಿತ್ತು. ಮುಂದಿನ ವರ್ಷ ತೈವಾನಿನ ಟಿಎಸ್‌ಎಂಸಿ ಚಿಪ್ ಫ್ಯಾಕ್ಟರಿಗೆ ಅದೇ ಜಾತಿಯ ವೈರಸ್ ಹೊಕ್ಕಿದ್ದು, ಹೊಸ ಮಷಿನ್‌ಗೆ ಸಾಫ್ಟ್‌ವೇರ್ ಹಾಕೋವಾಗ ಸ್ಕ್ಯಾನ್ ಮಾಡದೇ ಇದ್ದಿದ್ರಿಂದ. ಸರ್ವಿಸ್ ಎಂಜಿನಿಯರ್ ಪೆನ್‌ಡ್ರೈವ್ ಹಿಡ್ಕೊಂಡು ಬಂದ್ರೆ ಮೊದ್ಲು ಒಂದು ಬೇರೆ ಕಂಪ್ಯೂಟರಲ್ಲಿ ಸ್ಕ್ಯಾನ್ ಆಗ್ಲಿ. ಹೊಸ ಫೈರ್‌ವಾಲ್ ಬೇಕಾ ಅನ್ನೋದು ಈಗಿರೋದಕ್ಕೆ ಅಪ್‌ಡೇಟ್ ಬರ್ತಿದೆಯಾ ಅನ್ನೋದ್ರ ಮೇಲೆ, ಬರ್ತಿದ್ರೆ ಈ ವರ್ಷ ಅದೇ ಇರ್ಲಿ.

ಜನರ ಟ್ರೈನಿಂಗ್‌ಗೆ ಒಂದೂವರೆ ಲಕ್ಷ. ಉಳಿದ 1 ಲಕ್ಷ ಮುಟ್ಟಬೇಡಿ, ದಾಳಿ ಆದ ದಿನ ಹೊರಗಿನ ಪರಿಣತರನ್ನ ಕರೆಸೋಕೆ ಬೇಕಾಗತ್ತೆ, ಯಾರನ್ನ ಕರೆಸೋದು ಅಂತ ಈಗಲೇ ಮಾತಾಡಿಟ್ಟಿರಿ.

ಟ್ರೈನಿಂಗ್‌ಗೆ ಒಂದೂವರೆ ಲಕ್ಷ ಸಾಕಾ ಅಂತ ಎಚ್‌ಆರ್ ಮೇಡಂ ಕೇಳ್ಬೋದು. ಸಾಕು, ಯಾಕಂದ್ರೆ ಜನರ ಮೇಲೆ ಹಾಕ್ಬೇಕಾದ್ದು ದುಡ್ಡಿಗಿಂತ ಹೆಚ್ಚಾಗಿ ಟೈಮ್. ವರ್ಷಕ್ಕೊಂದ್ಸಲ ಮುಕ್ಕಾಲು ಗಂಟೆ ಇಂಗ್ಲಿಷ್ ವಿಡಿಯೋ, ಕೊನೇಲಿ ಹತ್ತು ಪ್ರಶ್ನೆ, ಪಕ್ಕದೋನ ಉತ್ತರ ನೋಡಿ ಟಿಕ್ ಮಾಡೋದು, ಇದನ್ನ ಬಿಟ್ಬಿಡಿ. ಬದಲಿಗೆ ಅಕೌಂಟ್ಸ್ ಮತ್ತೆ ಪರ್ಚೇಸ್‌ನವರನ್ನ ತಿಂಗಳಿಗೊಂದ್ಸಲ ಅರ್ಧ ಗಂಟೆ ಕೂರಿಸಿ ಕನ್ನಡದಲ್ಲೇ ಮಾತಾಡಿ, ನಿಮ್ಮ ಕಂಪನಿಗೆ ನಿಜವಾಗ್ಲೂ ಬಂದ ಮೇಲ್‌ಗಳನ್ನೇ ತೋರಿಸಿ, ಯಾರಿಗೆ ಹಿಂದಿ ಅಥವಾ ತಮಿಳು ಸಲೀಸೋ ಅವರಿಗೆ ಅದ್ರಲ್ಲೇ ಹೇಳಿ. ಎಚ್‌ಆರ್‌ಗೆ ಬೇರೆ ಪಾಠ, ಅವರ ಕೆಲಸಾನೇ ಗೊತ್ತಿಲ್ಲದೋರ ರೆಸ್ಯೂಮೆ ಫೈಲ್ ತೆರೆಯೋದು, ತೆರೀಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ, ಸುರಕ್ಷಿತವಾಗಿ ತೆರೆಯೋ ದಾರಿ ಮಾಡಿಕೊಡಿ. ಶಾಪ್ ಫ್ಲೋರ್ ಸೂಪರ್‌ವೈಸರ್‌ಗಳಿಗೆ ಪೆನ್‌ಡ್ರೈವ್ ವಿಷಯ ಒಂದೇ ಸಾಕು. ಮತ್ತೆ ನೀವು, ಫೋನಲ್ಲಿ ಪಾಸ್‌ವರ್ಡ್ ರೀಸೆಟ್ ಕೇಳೋರನ್ನ ಹೇಗೆ ಪರೀಕ್ಷೆ ಮಾಡೋದು ಅಂತ ನಿಮಗೇ ಒಂದು ನಿಯಮ ಹಾಕ್ಕೊಳ್ಳಿ, 2023ರಲ್ಲಿ ಎಂಜಿಎಂ ರೆಸಾರ್ಟ್ಸ್ ಹೋಟೆಲ್‌ಗಳಿಗೆ ಸುಮಾರು 10 ಕೋಟಿ ಡಾಲರ್ ಪೆಟ್ಟು ಬಿದ್ದ ದಾಳೀಲಿ ಕಳ್ಳರು ಬಳಸಿದ್ದು ಹೆಲ್ಪ್‌ಡೆಸ್ಕ್‌ಗೆ ಉದ್ಯೋಗಿ ಥರ ಫೋನ್ ಮಾಡೋ ದಾರೀನೇ.

ನಕಲಿ ಫಿಶಿಂಗ್ ಟೆಸ್ಟ್ ಮಾಡ್ಬೇಕಾ? ಮಾಡಿ, ಆದ್ರೆ ಯಾರನ್ನೋ ಹಿಡಿದು ನಾಚಿಕೆ ಪಡಿಸೋಕಲ್ಲ, ಸಂಬಳ ಬೋನಸ್ ಆಸೆ ತೋರಿಸಿಯಂತೂ ಬೇಡವೇ ಬೇಡ. 2020ರ ಡಿಸೆಂಬರಲ್ಲಿ, ಕೋವಿಡ್ ಸಂಕಷ್ಟದ ಮಧ್ಯೆ, ಗೋಡ್ಯಾಡಿ ಕಂಪನಿ 650 ಡಾಲರ್ ಬೋನಸ್ ಅಂತ ತನ್ನ ಜನಕ್ಕೇ ಟೆಸ್ಟ್ ಮೇಲ್ ಕಳಿಸಿ ಆಮೇಲೆ ಕ್ಷಮೆ ಕೇಳ್ಬೇಕಾಯ್ತು. ಒಂದ್ಸಲ ಹಾಗೆ ನೋಯಿಸಿದ್ರೆ ಮುಂದಿನ ಸಲ ನಿಜವಾದ ತಪ್ಪಾದಾಗ ಯಾರೂ ಬಾಯಿ ಬಿಡಲ್ಲ. ಎಂಡಿಗೆ ರಿಪೋರ್ಟ್ ಕೊಡೋವಾಗ ಎಷ್ಟು ಜನ ಕ್ಲಿಕ್ ಮಾಡಿದ್ರು ಅನ್ನೋದಕ್ಕಿಂತ ಮೊದಲನೇ ಕಂಪ್ಲೇಂಟ್ ಎಷ್ಟು ನಿಮಿಷಕ್ಕೆ ಬಂತು ಅನ್ನೋದನ್ನ ತೋರಿಸಿ, ಆ ನಿಮಿಷ ಕಮ್ಮಿ ಆಗ್ತಾ ಬಂದ್ರೆ ನಿಮ್ಮ ಟ್ರೈನಿಂಗ್ ಕೆಲಸ ಮಾಡ್ತಿದೆ.

ಲಾಗ್ ಮಾನಿಟರಿಂಗ್‌ನ ಈ ವರ್ಷ ಕೊಟೇಶನ್ನಿಂದ ತೆಗೆಸಿ. ಅದು ಕೆಟ್ಟದ್ದಲ್ಲ, ಅದನ್ನ ದಿನಾ ನೋಡೋಕೆ ನಿಮ್ಮಲ್ಲಿ ಜನ ಇಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ 2017ರಲ್ಲಿ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಹೋಯ್ತಲ್ಲ, ಅಲ್ಲಿ ನೆಟ್‌ವರ್ಕ್ ಪರೀಕ್ಷೆ ಮಾಡೋ ಉಪಕರಣ ಇತ್ತು, ಆದ್ರೆ ಅದರ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿ ತಿಂಗಳುಗಟ್ಟಲೆ ಅದು ಕುರುಡಾಗಿ ಕೂತಿತ್ತು, ಯಾರೂ ಗಮನಿಸ್ಲಿಲ್ಲ. ಹಾಗಂತ ಲಾಗ್ ಉಳಿಸ್ಕೊಳ್ಳೋದು ಬಿಡೋ ಹಾಗಿಲ್ಲ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಇನ್‌ನವರ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಟ್ಟಿರ್ಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸ್ಬೇಕು. ಸುಮ್ನೆ ಒಂದು ಡಿಸ್ಕಲ್ಲಿ ಸೇವ್ ಆಗೋ ಹಾಗೆ ಮಾಡಿದ್ರೆ ಸದ್ಯಕ್ಕೆ ಸಾಕು.

ಆ 6 ಗಂಟೆ ಅಂದ್ರೆ ಬಹಳ ಕಮ್ಮಿ, ದಾಳಿ ಆದ ದಿನ ಕೂತು ಯಾರಿಗೆ ಹೇಳೋದು ಅಂತ ಹುಡುಕೋಕಾಗಲ್ಲ. ಒಂದು ಹಾಳೆ ಪ್ರಿಂಟ್ ಮಾಡಿ ಅಕೌಂಟ್ಸ್ ರೂಮಲ್ಲಿ, ಸೆಕ್ಯುರಿಟಿ ಗೇಟಲ್ಲಿ ಅಂಟಿಸಿ: ನಿಮ್ಮ ನಂಬರ್, ನೀವು ರಜದಲ್ಲಿದ್ರೆ ಇನ್ಯಾರು, ಬ್ಯಾಂಕಿನ ಫ್ರಾಡ್ ನಂಬರ್, ಮತ್ತೆ ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ಕ್ರೈಂ ಹೆಲ್ಪ್‌ಲೈನ್ 1930. ಎಷ್ಟು ಬೇಗ 1930ಕ್ಕೆ ಫೋನ್ ಮಾಡ್ತೀರೋ ಆ ದುಡ್ಡು ಮುಂದಿನ ಬ್ಯಾಂಕಲ್ಲಿ ತಡೆಹಿಡಿಯೋ ಅವಕಾಶ ಅಷ್ಟು ಜಾಸ್ತಿ, ಹಾಗಾಗಿ ಎಂಡಿ ಊರಲ್ಲಿಲ್ಲ, ಕೇಳಿ ಮಾಡೋಣ ಅಂತ ಯಾರೂ ಕಾಯೋ ಹಾಗಿರ್ಬಾರ್ದು. ಯಾವ ಕಂಪ್ಯೂಟರ್ ಮೇಲೆ ಅನುಮಾನ ಬಂದ್ರೂ ನೆಟ್‌ವರ್ಕ್ ಕೇಬಲ್ ಕೀಳೋ ಅಧಿಕಾರ ಶಿಫ್ಟ್ ಇನ್‌ಚಾರ್ಜ್‌ಗೂ ಇದೆ ಅಂತ ಅದೇ ಹಾಳೆ ಮೇಲೆ ಎಂಡಿ ಸಹಿ ಹಾಕ್ಸಿ.

ಇನ್ನು ನಿಮ್ಮ ವಿಷಯ. ಐಟಿಗೆ ಒಬ್ನೇ ಅಂದ್ರಿ, ಪ್ರಿಂಟರ್, ಸಿಸಿಟಿವಿ, ಇಆರ್‌ಪಿ ಎಲ್ಲಾ ನಿಮ್ಮ ತಲೆ ಮೇಲೇ ಇರತ್ತೆ ಅಂದ್ಕೊಂಡಿದೀನಿ. ಪ್ರತಿ ಹೊಸ ಟೂಲ್ ನಿಮ್ಮ ವಾರದಿಂದ ಒಂದಿಷ್ಟು ಗಂಟೆ ತಿನ್ನತ್ತೆ, ಅದು ಕೊಟೇಶನಲ್ಲಿ ಬರ್ದಿರಲ್ಲ. ಎಂಡಿ ಹತ್ರ ವಾರಕ್ಕೆ ಒಂದು ದಿನ ಸೆಕ್ಯುರಿಟಿ ಕೆಲಸಕ್ಕೆ ಮಾತ್ರ ಅಂತ ಬರವಣಿಗೇಲಿ ಕೇಳಿ ತಗೊಳ್ಳಿ, ಅವತ್ತು ಪ್ರಿಂಟರ್ ಕಂಪ್ಲೇಂಟ್ ನೋಡೋಕೆ ಬೇರೆಯವರು ಇರ್ಲಿ. ಈ ಒಂದು ದಿನ ಸಿಗಲ್ಲ ಅಂದ್ರೆ ಇಡಿಆರ್ ಕೂಡ ತಗೋಬೇಡಿ ಅನ್ನೋವಷ್ಟು ಖಚಿತವಾಗಿ ಹೇಳ್ತೀನಿ.

ವೆಂಡರ್‌ಗೆ ವಾಪಸ್ ಬರೆಯೋವಾಗ ಮೂರು ವಿಷಯ ಕೇಳಿ: ರಾತ್ರಿ ಮತ್ತೆ ಭಾನುವಾರ ಅಲರ್ಟ್ ಯಾರು ನೋಡ್ತಾರೆ, ಅವರು ತಾವೇ ನಿಲ್ಲಿಸ್ತಾರಾ ಇಲ್ಲಾ ಬರೀ ಮೇಲ್ ಕಳಿಸ್ತಾರಾ, ಎರಡನೇ ಮತ್ತೆ ಮೂರನೇ ವರ್ಷದ ರಿನ್ಯೂವಲ್ ರೇಟ್ ಎಷ್ಟು. ಮೊದಲ ವರ್ಷ ಡಿಸ್ಕೌಂಟ್ ಕೊಟ್ಟು ಆಮೇಲೆ ಏರಿಸೋದು ಈ ವ್ಯಾಪಾರದಲ್ಲಿ ಮಾಮೂಲಿ, ಏರಿದ್ರೆ ಮೊದ್ಲು ಕತ್ತರಿ ಬೀಳೋದು ಜನರಿಗೆ ಇಟ್ಟ ಆ ಒಂದೂವರೆ ಲಕ್ಷಕ್ಕೇ, ಅದಕ್ಕೆ ಮೂರು ವರ್ಷದ ರೇಟನ್ನೂ ಕೊಟೇಶನಲ್ಲೇ ಬರೆಸ್ಕೊಂಡು ಆಮೇಲೆ ಪಿಒ (ಪರ್ಚೇಸ್ ಆರ್ಡರ್) ಕೊಡಿ.